ಕಾಗದದ ಚೂರು ಹಾರದ ದಿನ

ಮೊನ್ನೆ ಮಧ್ಯಾಹ್ನ, ನಮ್ಮ ಶಾಲೆಗೆ ಬಿ.ಎಡ್ ತರಬೇತಿಗೆಂದು ಬಂದಿರುವ ಹುಡುಗಿ ಕೈಯಲ್ಲಿ ರೇಷ್ಮೆ ಬಟ್ಟೆಯ ತುಂಡು ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಬಿಸಿಯೂಟದ ಅಡುಗೆಮನೆಯಲ್ಲಿ, ಒಲೆಯ ಮೇಲ್ಗಡೆ ಕಟ್ಟಿದ ಹಗ್ಗಕ್ಕೆ ಒಣಗಲು ಹಾಕಿದ್ದ ಬಟ್ಟೆ. ಹಾಗೆ ಒಣಗಿಸು ಎಂದು ಹೇಳಿದ್ದವಳು ನಾನೇ. "ಮೇಡಂ, ಒಣಗಿದ್ಯಾ ನೋಡಿ," ಎಂದು ಅದನ್ನು ನನ್ನ ಮುಖದ ಹತ್ತಿರ ಹಿಡಿದಳು. ಸಾಂಬಾರಿನ ವಾಸನೆ ಘಮ್ಮೆಂದು ಮೂಗಿಗೆ ಬಡಿಯಿತು. ಬೇಳೆ, ಹುಣಸೆಹುಳಿ, ಒಗ್ಗರಣೆಯ ಕರಿಬೇವು, ಅದರ ಜೊತೆಗೆ ಸ್ವಲ್ಪವೇ ಸ್ವಲ್ಪ ಸೀದ ರೇಷ್ಮೆಯ ಕಮಟು... ಆ ವಾಸನೆಗೆ ತಟ್ಟನೆ ನೆನಪಾದದ್ದು ಸುಂಟಿಕೊಪ್ಪದ ಕಡೆಯ ಒಂದು ಹೈಸ್ಕೂಲು, ಅಲ್ಲಿ ನನಗೆ ಗೈಡ್ ಟೀಚರ್ ಆಗಿದ್ದ ಮೇಡಂ.

ಅವರನ್ನು ನಾನು ಮೇಡಂ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಹೆಸರು ಹಾಕಿ ಬರೆದಿದ್ದರೆ, "ನಾನೇನು ಎಲೆಕ್ಷನ್ನಿಗೆ ನಿಂತಿದ್ದೇನಾ?" ಎಂದು ಬೈಯುತ್ತಿದ್ದರು. ಮಡಿಕೇರಿಯವರು, ಮನೆಮಾತು ಅರೆಭಾಷೆ. ಮದುವೆಯಾಗಿರಲಿಲ್ಲ, ಅಣ್ಣ ಅತ್ತಿಗೆಯ ಜೊತೆಗಿದ್ದರು. ದಿನಾ ಬೆಳಿಗ್ಗೆ ಮಡಿಕೇರಿಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಸೀರೆಯ ಮೇಲೆ ಅಣ್ಣನ ಹಳೆಯ ಸ್ವೆಟರ್ ಹಾಕಿಕೊಂಡಿರುತ್ತಿದ್ದರು. ಆ ಸ್ವೆಟರಿನ ಜೇಬಿನಲ್ಲಿ ಒಂದು ಆಯಸ್ಕಾಂತ, ಒಂದಿಷ್ಟು ರಬ್ಬರ್ ಬ್ಯಾಂಡು, ಶುಂಠಿ ಪೆಪ್ಪರಮಿಂಟು. ಯಾವುದಾದರೂ ಹುಡುಗ ಪಾಠದ ನಡುವೆ ತೂಕಡಿಸಿದರೆ ಪೆಪ್ಪರಮಿಂಟು ಕೊಟ್ಟು ಎಬ್ಬಿಸುತ್ತಿದ್ದರು. ಅದಕ್ಕೋಸ್ಕರವೇ ತೂಕಡಿಸುವ ಹುಡುಗರೂ ಇದ್ದರು ಎನ್ನಿ.

ನಾನೋ, ಉಳಿದ ಪ್ರಶಿಕ್ಷಣಾರ್ಥಿಗಳಿಗೆಲ್ಲ ಅಕ್ಕನ ವಯಸ್ಸಿನವಳು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ನನ್ನನ್ನು ಬಿ.ಎಸ್ಸಿ ಓದಿಸಿದರು, ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕವೂ ಬಂತು, ಬಂದ ಕೂಡಲೇ ಮದುವೆಯೂ ಆಯಿತು. ಆಮೇಲೆ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ರೈಟರ್ ಕೆಲಸ. ಬೆಳಗಾದರೆ ಲೈನಿನವರ, ಅಂದರೆ ಸಾಲುಮನೆಗಳ ಕೂಲಿಯವರ, ಹಾಜರಿ ಕೂಗುವುದು, ಸಂಜೆಯಾದರೆ ಯಾರು ಎಷ್ಟು ಹಣ್ಣು ಕುಯ್ದರು ಎಂದು ಬರೆಯುವುದು. ಕೆಟ್ಟ ಕೆಲಸವೇನಲ್ಲ. ಆದರೆ ನನಗೆ ಬೇಡವಾಗಿತ್ತು. ನ್ಯೂಟನ್ನನ ನಿಯಮ ಕಲಿತು ಹಾಜರಿ ಕೂಗಿಕೊಂಡು ಮುದುಕಿಯಾಗಬೇಕಲ್ಲ ಎಂದು ಹೊಟ್ಟೆಯೊಳಗೆ ಉರಿಯುತ್ತಿತ್ತು. ಜಗಳ ಮಾಡಿ, ಅತ್ತು, ಮಾತು ಬಿಟ್ಟು, ಕೊನೆಗೂ ಬಿ.ಎಡ್ ಸೇರಿದೆ. ಯಜಮಾನರು ಬಾಯಿ ಬಿಡಲಿಲ್ಲ. ಅತ್ತೆಯವರು ಮಾತ್ರ ಖಡಕ್ಕಾಗಿ ಹೇಳಿದರು: "ಒಂದ್ ಸಲ ನೋಡವ್ವ. ಆಗ್ಲಿಲ್ವಾ, ತೆಪ್ಪಗೆ ಆಫೀಸಿಗೆ ಹೋಗು. ಮತ್ತೆ ಕುಣಿಯಂಗಿಲ್ಲ."

ಅಂತೂ ಆ ಒಂದು ಸಲದಲ್ಲಿ ನಾನು ಟೀಚರ್ ಆಗಲೇಬೇಕಿತ್ತು. ಬಿ.ಎಡ್‌ನಲ್ಲಿ ಬರೆಯುವ ಪರೀಕ್ಷೆಗೆ ನನಗೆ ಭಯವಿರಲಿಲ್ಲ. ಭಯವಿದ್ದದ್ದು ಫೈನಲ್ ಲೆಸನ್ನಿಗೆ. ತರಬೇತಿಯ ಕೊನೆಯಲ್ಲಿ ಹೊರಗಿನಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ನಾವು ನಿಜವಾದ ಮಕ್ಕಳ ಎದುರು ಒಂದು ಪೀರಿಯಡ್ ಪಾಠ ಮಾಡಿ ತೋರಿಸಬೇಕು. ಬೋರ್ಡಿಗೆ ಬೆನ್ನು ತಿರುಗಿಸಿದರೆ ನನ್ನ ಗಂಟಲು ಸರಿ ಇರುತ್ತಿತ್ತು, ಮಕ್ಕಳ ಕಡೆ ತಿರುಗಿದರೆ ಕಟ್ಟಿಬಿಡುತ್ತಿತ್ತು. ಹಾಜರಿ ಕೂಗುವ ಗಂಟಲು ಎಲ್ಲಿ ಹೋಯಿತೋ ಏನೋ.

ಮೊದಲ ದಿನ ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೊದಲು ಎಲ್ಲಿದ್ದಿರಿ ಎಂದು ಕೇಳಿದರು. ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ ಎಂದೆ. "ಹಾಗಾದ್ರೆ ಹಾಜರಿ ಚೆನ್ನಾಗಿ ಕರೀತೀರಿ," ಎಂದರು. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ. ಆಮೇಲೆ ಹೇಳಿದರು, "ನೋಡಿ, ನೀವು ಟೀಚರ್ ಆಗ್ತೀರೋ ಇಲ್ವೋ, ಅದನ್ನ ನಾನು ಕೊನೇ ದಿನ ಹೇಳ್ತೇನೆ. ನಡುವೆ ಕೇಳ್ಲಿಕ್ಕಿಲ್ಲ."

ಇದು ಅವರ ಪದ್ಧತಿ. ಅವರ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಕೊನೆಯ ದಿನ ಕರೆದು, ಮುಖ ನೋಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಹೇಳಿಬಿಡುತ್ತಿದ್ದರಂತೆ. ಹಿಂದೊಮ್ಮೆ ಒಬ್ಬ ಹುಡುಗನಿಗೆ, "ನಿಂಗೆ ಮಕ್ಕಳನ್ನ ಕಂಡ್ರೆ ಆಗೋದಿಲ್ಲ, ಬ್ಯಾಂಕಿಗೆ ಹೋಗು," ಎಂದಿದ್ದರಂತೆ. ಅವನು ಹೋದ. ಪ್ರತಿ ದೀಪಾವಳಿಗೆ ಅವರಿಗೆ ಸ್ವೀಟ್ ಬಾಕ್ಸ್ ಕಳಿಸುತ್ತಿದ್ದ. ನಮ್ಮ ಕಾಲೇಜಿನಲ್ಲಿ ಯಾರು ಏನು ಮಾಡಿದರೂ ಗುಡ್, ವೆರಿ ಗುಡ್. ಆ ಗುಡ್ಡುಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಈ ಮೇಡಂ ಆಗುತ್ತದೆ ಎಂದರೆ ಮಾತ್ರ ಆಗುತ್ತದೆ ಎಂದು ಹೇಗೋ ಮನಸ್ಸಿಗೆ ಹತ್ತಿಬಿಟ್ಟಿತು.

ನನ್ನ ಮೊದಲ ಪಾಠ ಎಂಟನೇ ಕ್ಲಾಸಿಗೆ, ವಿದ್ಯುದಾವೇಶ. ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಮೇಲೆ ಹಿಡಿದರೆ ಚೂರುಗಳು ಹಾರಿ ಬಾಚಣಿಗೆಗೆ ಅಂಟಿಕೊಳ್ಳುತ್ತವೆ. ಪುಸ್ತಕದಲ್ಲಿ ಚಿತ್ರವೂ ಇದೆ. ಇಷ್ಟು ಸುಲಭದ ಪ್ರಯೋಗ ಇನ್ನೊಂದಿಲ್ಲ. ಆದರೆ ಪುಸ್ತಕ ಬರೆದವರು ಆಷಾಢದಲ್ಲಿ ಕೊಡಗಿಗೆ ಬಂದಿರಲಿಲ್ಲ ಅಂತ ಕಾಣುತ್ತದೆ. ಗೋಡೆ ತೇವ, ಬೆಂಚು ತೇವ, ಕಾಗದ ಹಪ್ಪಳದ ಹಿಟ್ಟಿನಂತೆ ಮೆತ್ತಗೆ, ನನ್ನ ತಲೆಯೂ ಒದ್ದೆ. ಉಜ್ಜಿದೆ. ಹಿಡಿದೆ. ಚೂರುಗಳು ಮಲಗಿದಲ್ಲೇ ಮಲಗಿದ್ದವು. ಇನ್ನೊಮ್ಮೆ ಉಜ್ಜಿದೆ. ಕೂದಲು ಕಿತ್ತು ಬಂತೇ ಹೊರತು ಚೂರು ಅಲುಗಲಿಲ್ಲ. ಬೆವರು ಇಳಿಯತೊಡಗಿತು. ಆಗ ನಾನು ಪ್ರಪಂಚದ ಎಲ್ಲ ಪ್ರಶಿಕ್ಷಣಾರ್ಥಿಗಳು ಹೇಳುವ ಮಾತನ್ನೇ ಹೇಳಿದೆ: "ಹಾರಿತು ಅಂತ ತಿಳ್ಕೊಳ್ಳಿ."

ಮಕ್ಕಳು ವಿಧೇಯರಾಗಿ ತಿಳಿದುಕೊಂಡರು. "ಕಾಗದದ ಚೂರುಗಳು ಬಾಚಣಿಗೆಯ ಕಡೆಗೆ ಆಕರ್ಷಿತವಾದವು" ಎಂದು ಬೋರ್ಡಿನ ಮೇಲೆ ಬರೆದೆ, ಅವರೂ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತಿದ್ದ ಮೇಡಂ ಎದ್ದು ನಿಂತು ಪಕ್ಕದ ಹುಡುಗಿಯನ್ನು ಕೇಳಿದರು, "ಹಾರಿತಾ?"

"ಇಲ್ಲ ಮಿಸ್."

"ಮತ್ತೆ ಬರ್ದೆಯಲ್ಲ?"

"ಮಿಸ್ ಬರೀಲಿಕ್ಕೆ ಹೇಳಿದ್ರು ಮಿಸ್."

ಕ್ಲಾಸು ಬಿಟ್ಟ ಮೇಲೆ ವರಾಂಡದಲ್ಲಿ ನಿಲ್ಲಿಸಿ ಬೈದರು. ಜೋರಾಗಿ ಅಲ್ಲ, ಆದರೆ ಇಂದಿಗೂ ಮರೆತಿಲ್ಲ. "ಹಾರ್ಲಿಲ್ಲ ಅಂದ್ರೆ ಹಾರ್ಲಿಲ್ಲ. ಅದರಲ್ಲಿ ಎಂಥ ನಾಚಿಕೆ? ಕಣ್ಣಲ್ಲಿ ಕಂಡದ್ದು ಒಂದು, ಕೈಯಲ್ಲಿ ಬರೆಯೋದು ಇನ್ನೊಂದು, ಇದನ್ನ ಕಲಿಸ್ಲಿಕ್ಕೆ ನೀವು ಬೇಕಾ ಮಾರಾಯ್ತಿ? ಮನೆಯಲ್ಲೇ ಕಲೀತಾರೆ." ನನಗೆ ಅವಮಾನವಾಯಿತು. ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ದೊಡ್ಡ ಸತ್ಯಸಂಧರು ಬಂದುಬಿಟ್ಟರು, ಮಳೆಗೆ ನಾನೇನು ಮಾಡಲಿ ಎಂದು ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಾ ಊರು ತಲುಪಿದೆ.

ಮರುದಿನ ಮೇಡಂ ಏನೂ ಆಗದವರಂತೆ ಬಂದು, "ಬನ್ನಿ," ಎಂದು ನನ್ನನ್ನು ಬಿಸಿಯೂಟದ ಅಡುಗೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಕಂಡದ್ದನ್ನು ನೋಡಿ ನಗು ತಡೆಯಲಾಗಲಿಲ್ಲ. ಸಾಂಬಾರಿನ ಪಾತ್ರೆಯ ಮೇಲ್ಗಡೆ ಹಗ್ಗ. ಹಗ್ಗದ ಮೇಲೆ ರೇಷ್ಮೆ ಬಟ್ಟೆ, ಉಣ್ಣೆಯ ತುಂಡು, ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದದ ಚೂರು. ಪಕ್ಕದ ಶೆಲ್ಫಿನಲ್ಲಿ ಸೌಟುಗಳ ಜೊತೆ ಗಾಜಿನ ಕೋಲು. ಅಡುಗೆಯ ಅಕ್ಕ ಸೌಟು ತಿರುಗಿಸುತ್ತಾ, "ಇದೂ ಪಲ್ಯಕ್ಕೆ ಹಾಕೋದಾ ಮೇಡಂ?" ಎಂದು ಕೇಳಿದಳು. ದಿನಾ ಇದೇ ತಮಾಷೆಯಂತೆ. ಗ್ಯಾಸ್ ಒಲೆಯ ಶಾಖಕ್ಕೆ ಒಣಗಿದ ಸಾಮಾನನ್ನು ಮೇಡಂ ಸ್ವೆಟರಿನೊಳಗೆ ಅವುಚಿಕೊಂಡು, ಮಗುವನ್ನು ಎತ್ತಿಕೊಂಡು ಹೋಗುವವರಂತೆ ಬಿರಬಿರನೆ ಕ್ಲಾಸಿಗೆ ನಡೆದರು. ಗಾಜಿನ ಕೋಲನ್ನು ರೇಷ್ಮೆಗೆ ಉಜ್ಜಿ ಹಿಡಿದರೋ ಇಲ್ಲವೋ, ಚೂರುಗಳು ಟಪಟಪ ಹಾರಿ ಅಂಟಿಕೊಂಡವು. ಕ್ಲಾಸಿಗೆ ಕ್ಲಾಸೇ ಹೋ ಎಂದು ಕೂಗಿತು. ನಾನೂ ಕೂಗಿದೆ ಅಂತ ಕಾಣುತ್ತದೆ.

ಅವರು ಪ್ರಯೋಗ ಮಾಡುತ್ತಿದ್ದ ರೀತಿಯೇ ಬೇರೆ. ಮೊದಲು ಸಾಮಾನು ತೋರಿಸಿ, "ಏನಾಗ್ತದೆ? ಹಾರ್ತದೆ ಅನ್ನೋರು ಕೈ ಎತ್ತಿ. ಹಾರೋದಿಲ್ಲ ಅನ್ನೋರು ಕೈ ಎತ್ತಿ," ಎನ್ನುತ್ತಿದ್ದರು. ಎರಡಕ್ಕೂ ಎತ್ತದವರಿಗೆ ಬಿಡುಗಡೆ ಇರಲಿಲ್ಲ. ಆಮೇಲೆ ಮಾಡಿ ತೋರಿಸಿ, ಏನು ಕಂಡಿತು ಎಂದು ಕೇಳುತ್ತಿದ್ದರು. ಯಾವ ಭಾಷೆಯಲ್ಲಾದರೂ ಹೇಳಬಹುದು. ಲೈನಿನಿಂದ ಬರುವ ಹುಡುಗಿಯೊಬ್ಬಳು ತಮಿಳಿನಲ್ಲಿ "ಒಟ್ಟಿಕಿಚ್ಚು ಮಿಸ್" ಅಂದರೆ, ಪಕ್ಕದ ಮಲಯಾಳಿ ಹುಡುಗ "ಅಂಟಿಕೊಳ್ತು ಅಂತ ಹೇಳ್ತಾಳೆ ಮಿಸ್" ಎಂದು ಕನ್ನಡ ಮಾಡುತ್ತಿದ್ದ. ಸರಿ, ತಪ್ಪು ಎಂಬ ಮಾತು ಅವರ ಬಾಯಿಂದ ಬರುತ್ತಲೇ ಇರಲಿಲ್ಲ. "ಹ್ಞೂಂ, ಆಮೇಲೆ?" ಇಷ್ಟೇ. ಆ "ಆಮೇಲೆ"ಗೆ ಹೆದರಿ ಮಕ್ಕಳು ಯೋಚನೆ ಮಾಡುತ್ತಿದ್ದರು.

ಒಂದು ಶನಿವಾರ ಕಾಲೇಜಿನ ಕೆಲಸಕ್ಕೆಂದು ನಾನೂ ಅವರ ಜೊತೆ ಮಡಿಕೇರಿಗೆ ಹೋದೆ. ಬಸ್ಸು ಭರ್ತಿ, ಇಬ್ಬರೂ ನಿಂತಿದ್ದೆವು. ತಿರುವು ಬರುವ ಮೊದಲೇ, "ಈಗ ಯಾವ ಕಡೆ ವಾಲ್ತೀವಿ? ಬೇಗ ಹೇಳು, ಬೇಗ," ಎಂದರು. ನಾನು ಹೇಳುವಷ್ಟರಲ್ಲಿ ತಿರುವು ಬಂದು, ಸೀಟಿನಲ್ಲಿ ಕೂತಿದ್ದ ಒಬ್ಬ ಕೊಡವ ತಾತನ ತೊಡೆಯ ಮೇಲೆ ಬಿದ್ದೆ. ಮೇಡಂ ಬಿದ್ದು ಬಿದ್ದು ನಕ್ಕರು. ನಗುತ್ತಾ ನಗುತ್ತಾ ಕೆಮ್ಮು ಬಂತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ... ಅಂದಿನಿಂದ ನನಗೆ ಬಹುವಚನ ಹೋಗಿ ಏಕವಚನ ಬಂತು. ಅದರಿಂದ ನನಗೆ ತುಂಬ ಖುಷಿಯಾಯಿತು. ಧೈರ್ಯ ಮಾಡಿ, "ಮೇಡಂ, ನಾನು ಟೀಚರ್ ಆಗ್ತೀನಾ?" ಎಂದು ಕೇಳಿಯೇಬಿಟ್ಟೆ. "ಕೊನೇ ದಿನ," ಎಂದರು. ಹಾಗೆಂದರೆ ಹಾಗೇ.

ಕೊನೆಯ ದಿನ ಹತ್ತಿರ ಬಂದ ಹಾಗೆ ನನ್ನ ಜೊತೆಯವರೆಲ್ಲ ಒಂದು ಕೆಲಸ ಶುರು ಮಾಡಿದರು. ಫೈನಲ್ ಲೆಸನ್ನಿಗೆ ಇಟ್ಟುಕೊಂಡ ಪಾಠವನ್ನೇ ಅದೇ ಮಕ್ಕಳಿಗೆ ಮೊದಲೇ ಒಂದೆರಡು ಸಲ ಮಾಡಿ ಮುಗಿಸುವುದು. ಯಾವ ಪ್ರಶ್ನೆಗೆ ಯಾರು ಏಳಬೇಕು, ಏನು ಹೇಳಬೇಕು, ಎಲ್ಲ ಹಂಚಿಕೊಡುವುದು. ಉತ್ತರ ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ, ಒಟ್ಟಿನಲ್ಲಿ ಎಲ್ಲರೂ ಕೈ ಎತ್ತಿ ಎಂದು ಹೇಳಿಕೊಡುವುದು. ಪರೀಕ್ಷಕರಿಗೆ ಕಾಣುವುದು ಕೈಗಳ ಕಾಡು. ಇದು ಗುಟ್ಟೇನಲ್ಲ. ಬಿ.ಎಡ್ ಮಾಡಿದವರೆಲ್ಲ ಈ ಸಾಲು ಓದಿ ಒಳಗೊಳಗೇ ನಗುತ್ತಿರುತ್ತಾರೆ.

ಮೇಡಂ ಒಪ್ಪಲಿಲ್ಲ. "ಮಾಡಿದ ಪಾಠವನ್ನೇ ಮತ್ತೆ ಮಾಡೋದಾದ್ರೆ ಅದು ನಾಟಕ. ನಾಟಕ ಮಾಡೋದಾದ್ರೆ ಮುಖಕ್ಕೆ ಬಣ್ಣ ಹಚ್ಕೊಂಡು ಬಾ." ಅದೇ ವಿದ್ಯುದಾವೇಶದ ಅಧ್ಯಾಯ, ಆದರೆ ಇನ್ನೊಂದು ಸೆಕ್ಷನ್, ನಾನು ಇನ್ನೂ ಪಾಠ ಮಾಡಿರದ ಮಕ್ಕಳು. ನನಗೆ ಸಿಟ್ಟು ನೆತ್ತಿಗೇರಿತು. ಇವರಿಗೇನು, ಇವರಿಗೆ ನೌಕರಿ ಇದೆ, ಸಂಬಳ ಇದೆ. ನಾನು ಫೇಲಾದರೆ ನಾಳೆ ಲೈನಿನ ಮುಂದೆ ಹಾಜರಿ ಕೂಗಬೇಕಾದವಳು ನಾನು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಹೆದರಬೇಡ. ನಾನು ಕ್ಲಾಸಲ್ಲೇ ಕೂತಿರ್ತೇನೆ. ಸಾಮಾನು ಒಣಗಿಸಿ ಕೊಡೋದು ನನ್ನ ಕೆಲಸ," ಎಂದರು. ಆ ಮಾತಿನ ಮೇಲೆ ಒಪ್ಪಿಕೊಂಡೆ.

ಫೈನಲ್ ಲೆಸನ್ ದಿನ ಮೇಡಂ ಬರಲಿಲ್ಲ.

ಮೈಸೂರಿಗೆ ಹೋಗಿದ್ದಾರೆ, ಏನೋ ಟೆಸ್ಟ್ ಅಂತೆ ಎಂದು ಹೆಡ್‌ಮಾಸ್ಟರ್ ಹೇಳಿದರು. ಇವತ್ತೇ ಆಗಬೇಕಿತ್ತಾ ಎಂದು ಕಣ್ಣಲ್ಲಿ ನೀರು ಬಂತು. ಅಡುಗೆಯ ಅಕ್ಕ ಪಾಪ, ಬೆಳಿಗ್ಗೆಯೇ ಎಲ್ಲವನ್ನೂ ಹಗ್ಗಕ್ಕೆ ಹಾಕಿಟ್ಟಿದ್ದಳು. "ಮೇಡಂ ನಿನ್ನೆನೇ ಹೇಳಿ ಹೋಗಿದ್ರು," ಎಂದಳು. ಸಾಮಾನು ಚೆನ್ನಾಗಿ ಒಣಗಿತ್ತು. ಎದೆಗೆ ಅವುಚಿಕೊಂಡು ಕ್ಲಾಸಿಗೆ ಓಡಿದೆ. ಓಡಿದ್ದೇ ಬಂತು. ಪರೀಕ್ಷಕರು ಗಣಿತದ ಪಾಠವನ್ನು ಮೊದಲು ನೋಡುತ್ತೇವೆ ಎಂದು ಪಕ್ಕದ ಕ್ಲಾಸಿಗೆ ಹೋದರು. ಅದು ಮುಗಿದು, ಅವರ ಕಾಫಿ ಮುಗಿದು, ಹೆಡ್‌ಮಾಸ್ಟರ್ ಜೊತೆ ಮಾತು ಮುಗಿದು ನನ್ನ ಕ್ಲಾಸಿಗೆ ಬರುವ ಹೊತ್ತಿಗೆ ಹೊರಗೆ ಮಂಜು ಕವಿದಿತ್ತು. ಬಾಗಿಲಿನಿಂದ ಮಂಜು ಒಳಗೇ ಬರುತ್ತಿತ್ತು. ರೇಷ್ಮೆ ಮುಟ್ಟಿ ನೋಡಿದೆ, ತಣ್ಣಗಾಗಿತ್ತು. ಮತ್ತೆ ಅಡುಗೆಮನೆಗೆ ಓಡಲು ಆಗುವುದಿಲ್ಲ, ಪರೀಕ್ಷಕರು ಕೂತಾಗಿದೆ.

ಪೀಠಿಕೆ ಮುಗಿಸಿದೆ. ಮೇಡಂ ಮಾಡುವ ಹಾಗೇ ಕೈ ಎತ್ತಿಸಿದೆ. ಹಾರುತ್ತದೆ ಎಂದು ಹೆಚ್ಚುಕಡಿಮೆ ಎಲ್ಲರೂ ಎತ್ತಿದರು. ಕೋಲು ಉಜ್ಜಿದೆ, ಹಿಡಿದೆ. ಏನೂ ಇಲ್ಲ. ಮತ್ತೆ ಉಜ್ಜಿದೆ. ಏನೂ ಇಲ್ಲ. ಪರೀಕ್ಷಕರು ತಲೆ ಎತ್ತಿ ನೋಡಿ ಏನೋ ಬರೆದುಕೊಂಡರು. ಆ ಹಾಳು ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ತಿಳ್ಕೊಳ್ಳಿ ಎಂದುಬಿಟ್ಟರೆ ಆಯಿತು, ಪಾಠ ಮುಂದೆ ಸಾಗುತ್ತದೆ, ಚಾರ್ಟು ಇದೆ, ಬೋರ್ಡು ಇದೆ, ಪಾಸಾಗಿಬಿಡುತ್ತೇನೆ... ಅತ್ತೆಯವರ ಮುಖ, ಎಸ್ಟೇಟಿನ ಆಫೀಸು, ಎಲ್ಲ ಕಣ್ಣ ಮುಂದೆ ಬಂತು. ಹಿಂದಿನ ಬೆಂಚಿನಲ್ಲಿ ಮೇಡಂ ಇರಲಿಲ್ಲ. ಇದ್ದಿದ್ದರೆ ಅವರ ಭಯಕ್ಕಾದರೂ ಸುಮ್ಮನಿರುತ್ತಿದ್ದೆ. ಅವರಿಲ್ಲದೆಯೂ ನನ್ನ ಬಾಯಿಂದ ಅದು ಹೊರಡಲಿಲ್ಲ.

"ಏನು ಕಂಡಿತು?" ಎಂದು ಕೇಳಿದೆ.

ಕ್ಲಾಸು ಮುಖ ಮುಖ ನೋಡಿಕೊಂಡಿತು. ಒಬ್ಬ ಎದ್ದು, "ಹಾರ್ಲಿಲ್ಲ ಮಿಸ್," ಎಂದ. ಹಾಗಾದರೆ ಹಾಗೇ ಬರೆಯಿರಿ ಎಂದೆ. ಬರೆದರು. ಯಾಕೆ ಹಾರಲಿಲ್ಲ ಎಂದೆ. ಅಲ್ಲಿಂದ ಶುರುವಾಯಿತು ನೋಡಿ. ಕಾಗದ ದಪ್ಪ ಎಂದಳು ಒಬ್ಬಳು. ನೀವು ಮೆಲ್ಲಗೆ ಉಜ್ಜಿದಿರಿ ಎಂದ ಇನ್ನೊಬ್ಬ. ಅವನನ್ನೇ ಕರೆದು ಉಜ್ಜಿಸಿದೆ, ಹಲ್ಲು ಕಚ್ಚಿಕೊಂಡು ಉಜ್ಜಿದ, ಆಗಲಿಲ್ಲ. ಕಾಗದವನ್ನು ಇನ್ನೂ ಸಣ್ಣಗೆ ಹರಿದರು, ಆಗಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ, "ಥಂಡಿ ಉಂಟು ಮಿಸ್, ಪಸೆ ಪಸೆ," ಎಂದಳು. ಥಂಡಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಚೂರುಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಪಾಠಯೋಜನೆಯಲ್ಲಿದ್ದ ಅರ್ಧವೂ ಆಗಿರಲಿಲ್ಲ. ಪರೀಕ್ಷಕರು ಎದ್ದು ಹೋದರು. ಮುಗಿಯಿತು ನನ್ನ ಕತೆ ಎಂದುಕೊಂಡೆ.

ಕತೆ ಮುಗಿಯಲಿಲ್ಲ, ಪಾಸಾಗಿದ್ದೆ. ಹೇಳಿಕೊಳ್ಳುವಂಥ ಅಂಕವಲ್ಲ, ನಮ್ಮ ಬ್ಯಾಚಿನಲ್ಲಿ ಬಾಲದ ಕಡೆಯಿಂದ ಹುಡುಕಿದರೆ ಬೇಗ ಸಿಗುತ್ತಿದ್ದೆ. ಆದರೆ ಪಾಸು. ಅದು ತಿಳಿದದ್ದು ಬಹಳ ಆಮೇಲೆ. ಆ ವಾರ ಮಾತ್ರ ಫೇಲೆಂದೇ ನಂಬಿಕೊಂಡು, ಮೇಡಂ ಅವರನ್ನಾದರೂ ನೋಡಿ ಬರೋಣ ಎಂದು ಮಡಿಕೇರಿಗೆ ಹೋದೆ.

ಅವರ ಅತ್ತಿಗೆ ಗೇಟಿನ ಹತ್ತಿರವೇ ನನ್ನನ್ನು ತಡೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಕಾಯಿಲೆ ದೊಡ್ಡದು, ತುಂಬ ಮುಂದೆ ಹೋಗಿದೆ, ಅವಳಿಗೆ ಹೇಳಿಲ್ಲ ಎಂದರು. "ಗ್ಯಾಸ್ಟ್ರಿಕ್ ಅಂತ ಹೇಳಿದ್ದೇವೆ. ನೀನೂ ಅವಳಿಗೆ, ಚೆನ್ನಾಗಿ ಕಾಣ್ತೀರಿ ಅಂತ ಹೇಳಮ್ಮ. ಒಂದು ಮಾತು, ಅಷ್ಟೇ." ನಾನು ತಲೆಯಾಡಿಸಿದೆ. ಬೇರೇನು ಮಾಡುವುದು?

ಮೇಡಂ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅದೇ ಸ್ವೆಟರ್. ಅದರೊಳಗಿನ ಮೇಡಂ ಮಾತ್ರ ಅರ್ಧವಾಗಿದ್ದರು. ನನ್ನನ್ನು ಕಂಡ ಕೂಡಲೇ, "ಏನಾಯ್ತು ಹೇಳು," ಎಂದರು. ಎಲ್ಲವನ್ನೂ ಹೇಳಿದೆ. ಮಂಜು, ಪರೀಕ್ಷಕರ ಕಾಫಿ, ಹಲ್ಲು ಕಚ್ಚಿಕೊಂಡು ಉಜ್ಜಿದ ಹುಡುಗ. ಹಾರಲಿಲ್ಲ ಎಂದು ಮಕ್ಕಳು ಬರೆದುಕೊಂಡರು ಎಂದಾಗ ಅವರ ಮುಖ ಎಷ್ಟು ಅರಳಿತು ಅಂದರೆ, ಫೇಲಾದರೂ ಚಿಂತೆಯಿಲ್ಲ ಎಂದು ಒಂದು ಗಳಿಗೆ ನನಗೇ ಅನಿಸಿಬಿಟ್ಟಿತು. ಥಂಡಿ ಎಂದವಳು ಯಾರು ಎಂದು ಕೇಳಿದರು. ಹೇಳಿದೆ. "ಅವಳೇ ಅಂತ ಅಂದ್ಕೊಂಡೆ," ಎಂದರು.

ಆಮೇಲೆ ಅತ್ತಿಗೆ ಅಡುಗೆಮನೆಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು, "ಈಗ ನನ್ನ ನೋಡಿ ಹೇಳು. ನೀನು ಕಂಡದ್ದು ಮಾತ್ರ."

ಗೇಟಿನ ಹತ್ತಿರ ತಲೆಯಾಡಿಸಿ ಬಂದಿದ್ದೆ. ಎದುರಿಗೆ ಇವರು. ಸುಳ್ಳು ಹೇಳುವುದು ಕಷ್ಟವೇನಲ್ಲ, ಎಲ್ಲರೂ ಹೇಳುತ್ತಿದ್ದರು, ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ನನ್ನನ್ನು ಅವರು ಅದಕ್ಕೆ ತಯಾರು ಮಾಡಿರಲಿಲ್ಲ. "ಕಣ್ಣು ಹಳದಿ ಆಗಿದೆ ಮೇಡಂ. ತುಂಬ ಇಳಿದು ಹೋಗಿದ್ದೀರಿ. ಮಾತಾಡುವಾಗ ನಡುನಡುವೆ ಉಸಿರು ನಿಲ್ಲುತ್ತೆ," ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅವರು ಅಳಲಿಲ್ಲ. "ಹ್ಞೂಂ," ಎಂದರು. ಆ ದಿನ "ಆಮೇಲೆ?" ಎಂದು ಕೇಳಲಿಲ್ಲ. "ನಂಗೆ ಗೊತ್ತು. ಅಣ್ಣ ಅತ್ತಿಗೆ ಪಾಪ, ಹೆದರಿದ್ದಾರೆ. ನಂಗೆ ಗೊತ್ತು ಅಂತ ಅವರಿಗೆ ಹೇಳಬೇಡ," ಎಂದು ನನ್ನ ಕೈಯನ್ನು ಹಿಡಿದುಕೊಂಡರು. ಕೈ ಬೆಚ್ಚಗಿತ್ತು. ಬಹಳ ಹೊತ್ತು ಬಿಡಲಿಲ್ಲ...

ಹೊರಡುವಾಗ ಬಾಗಿಲಿನವರೆಗೆ ಹೋದವಳು ತಿರುಗಿ ಬಂದೆ. ಕೇಳಬಾರದ ಹೊತ್ತು ಎಂದು ಗೊತ್ತಿತ್ತು. ಆದರೂ ಕೇಳಿದೆ. "ಮೇಡಂ, ಕೊನೇ ದಿನ ಹೇಳ್ತೀನಿ ಅಂದಿದ್ರಿ."

"ಪಾಠ ಎಲ್ಲಿ ಮುಗೀತು?" ಎಂದರು. "ಮಕ್ಕಳು ಹಾರ್ಲಿಲ್ಲ ಅಂತ ಬರ್ಕೊಂಡು ಕೂತಿದ್ದಾರೆ. ಯಾಕೆ ಅಂತ ಅವರಿಗೆ ಗೊತ್ತಾಗ್ಲಿಲ್ಲ. ಮೊದಲು ಹೋಗಿ ಅದನ್ನ ಮುಗಿಸಿ ಬಾ. ಆಮೇಲೆ ಹೇಳ್ತೇನೆ."

ತರಬೇತಿ ಮುಗಿದಿತ್ತು. ಆ ಶಾಲೆಗೆ ಹೋಗಬೇಕಾದ ಕೆಲಸ ನನಗಿರಲಿಲ್ಲ. ಹೆಡ್‌ಮಾಸ್ಟರ್ ಹತ್ತಿರ ಒಂದು ಪೀರಿಯಡ್ ಕೇಳಿ ತೆಗೆದುಕೊಂಡೆ. ಆ ದಿನವೂ ಹೊರಗೆ ಮಂಜೇ. ಬೇಕೆಂದೇ ಎರಡು ಬಟ್ಟೆ ತಂದೆ, ಒಂದು ಅಡುಗೆಮನೆಯ ಹಗ್ಗದಿಂದ, ಒಂದು ತೇವ ಹಿಡಿದ ಹಾಗೇ ಕಪಾಟಿನಿಂದ. ಕಪಾಟಿನದ್ದಕ್ಕೆ ಉಜ್ಜಿ ಹಿಡಿದರೆ ಚೂರುಗಳು ಅಲುಗಲಿಲ್ಲ. ಆಮೇಲೆ ಕೋಲನ್ನೂ ಒಲೆಯ ಹತ್ತಿರ ಬಿಸಿ ಮಾಡಿ ತರಿಸಿ, ಒಣಗಿದ ಬಟ್ಟೆಗೆ ಉಜ್ಜಿ ಹಿಡಿದೆ. ಹಾರಿದವು ನೋಡಿ! ಒಂದು ಚೂರು ಹಾರಿ ನನ್ನ ಬಳೆಗೇ ಅಂಟಿತು. ಥಂಡಿ ಎಂದಿದ್ದ ಹುಡುಗಿ ಬೆಂಚಿನ ಮೇಲೆ ಹತ್ತಿ ನಿಂತು, ನಾನು ಹೇಳಿದ್ದೆ, ನಾನು ಹೇಳಿದ್ದೆ ಎಂದು ಕೂಗಿದಳು. ನನ್ನ ಗಂಟಲು ಕಟ್ಟಲಿಲ್ಲ. ಮಕ್ಕಳ ಕಡೆ ಮುಖ ಮಾಡಿ ಅವರಷ್ಟೇ ಜೋರಾಗಿ ಮಾತಾಡುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಬೆಲ್ ಹೊಡೆದ ಮೇಲೆ.

ಅಲ್ಲಿಂದ ನೇರ ಮಡಿಕೇರಿಯ ಬಸ್ಸು ಹತ್ತಿದೆ. ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯವರು ಹೊರಗೆ ಬಂದು, "ಬೆಳಿಗ್ಗೆ ಮೈಸೂರಿಗೆ ಕರ್ಕೊಂಡು ಹೋದ್ರು. ಮಾತಾಡ್ತಾ ಇರಲಿಲ್ಲ," ಎಂದರು. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ಸು ಬಂದೆ. ಮೇಡಂ ತಿರುಗಿ ಬರಲಿಲ್ಲ. ಹೆಡ್‌ಮಾಸ್ಟರ್ ಫೋನ್ ಮಾಡಿ ತಿಳಿಸುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಅದಾಗಿ ಬಹಳ ವರ್ಷಗಳಾದವು. ನನಗೆ ನೌಕರಿ ಸಿಕ್ಕಿತು. ಮೊದಲು ನಾಪೋಕ್ಲು ಕಡೆ, ಆಮೇಲೆ ಇಲ್ಲಿ. ಅತ್ತೆಯವರು ಈಗ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ಸೊಸೆ ಫಿಸಿಕ್ಸ್ ಟೀಚರ್ರು" ಎಂದು ಹೇಳಿಕೊಂಡು ತಿರುಗುತ್ತಾರೆ. ನಾನು ಟೀಚರ್ ಎಂದು ಸರ್ಕಾರ ಹೇಳಿದೆ, ಮಕ್ಕಳು ಹೇಳುತ್ತಾರೆ, ತಿಂಗಳು ತಿಂಗಳು ಸಂಬಳ ಬರುತ್ತದೆ. ಆದರೆ ಆಗುತ್ತೀಯ ಎಂದು ನನಗೆ ಹೇಳಬೇಕಾಗಿದ್ದವರು ಅವರೊಬ್ಬರು. ಹೇಳದೆ ಹೋದರು. ಚೂರು ಹಾರಿತು ಎಂದು ಅವರಿಗೆ ಹೇಳಲು ನನಗೂ ಆಗಲಿಲ್ಲ. ಈ ಸಂಕಟ ವಯಸ್ಸಾದ ಹಾಗೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮೊನ್ನೆ ಆ ಹುಡುಗಿ ಪಾಠ ಮುಗಿಸಿ ಬಂದಳು. ಅವಳ ಮೊದಲ ವಾರ. ಮುಖವೆಲ್ಲ ಬೆವರು, ಕೈಯೆಲ್ಲ ಚಾಕ್‌ಪೀಸಿನ ಪುಡಿ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. "ಮೇಡಂ, ನಾನು ಟೀಚರ್ ಆಗ್ತೀನಾ?" ಎಂದು ಕೇಳಿದಳು. ನಾನು ಹಿಂದಿನ ಬೆಂಚಿನಿಂದ ಕಂಡದ್ದನ್ನೆಲ್ಲ ಹೇಳಿದೆ. ದನಿ ಸಣ್ಣದು, ಬೋರ್ಡಿಗೆ ಅಡ್ಡ ನಿಲ್ಲುತ್ತೀಯ, ಮಕ್ಕಳು ಉತ್ತರ ಹೇಳುವ ಮೊದಲೇ ನೀನೇ ಹೇಳಿಬಿಡುತ್ತೀಯ. ಅವಳ ಮುಖ ಸಣ್ಣಗಾಯಿತು. "ಆದ್ರೂ ಆಗ್ತೀಯ ಕಣೇ," ಎಂದೆ. ಇಂಥದನ್ನು ನಾನು ಕೊನೆಯ ದಿನಕ್ಕೆಂದು ಇಟ್ಟುಕೊಳ್ಳುವುದಿಲ್ಲ.